ಕೆಂಡಗಣ್ಣಮ್ಮನ ಕ್ರಯಪತ್ರ

ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯ ಮುಂದೆ, ಹೊಂಗೆಮರದ ಕೆಳಗೆ, ಇಪ್ಪತ್ತೆಂಟು ವರ್ಷದಿಂದ ಇಳಿಜಾರು ಮುಚ್ಚಳದ ಬರವಣಿಗೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಪತ್ರಬರಹಗಾರ ಆವಲಪ್ಪನಿಗೆ ಎರಡು ನಂಬಿಕೆಗಳಿದ್ದವು. ಒಂದು, ತನ್ನ ಕೈಯಿಂದ ಬರೆದದ್ದು ಯಾವ ಕೋರ್ಟಿನಲ್ಲೂ ಸುಳ್ಳಾಗುವುದಿಲ್ಲ. ಇನ್ನೊಂದು, ತಾನು ಹುಟ್ಟಾ ಕವಿ. ಹೊಟ್ಟೆಪಾಡಿಗೆ ಕ್ರಯಪತ್ರ, ವಿಭಾಗಪತ್ರ ಬರೆಯುತ್ತಿರುವುದರಿಂದ ಕನ್ನಡನಾಡಿಗೆ ನಷ್ಟವಾಗುತ್ತಿದೆ. ಮೊದಲನೆಯದನ್ನು ಊರೆಲ್ಲ ಒಪ್ಪಿತ್ತು. ಎರಡನೆಯದನ್ನು ಅವನ ಹೆಂಡತಿ ರುಕ್ಮಿಣಮ್ಮ ಕೂಡ ಒಪ್ಪಿರಲಿಲ್ಲ. ಅಳಿಯನಿಗೆ ಕ್ಷೇಮಸಮಾಚಾರ ಬರೆಯುವಾಗಲೂ "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದು ಶುರುಮಾಡಿ, "ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ಬರೆದಿರುತ್ತೇನೆ" ಎಂದು ಮುಗಿಸುವ ಮನುಷ್ಯನನ್ನು ಕವಿ ಎನ್ನಲು ಯಾರಿಗೆ ತಾನೇ ಬಾಯಿ ಬಂದೀತು.

ಅದು ಎಪ್ಪತ್ತರ ದಶಕದ ಆರಂಭದ, ಕರೆಂಟಿನ ಅಭಾವದ ಕಾಲ. ಮಧ್ಯಾಹ್ನ ಒಂದಕ್ಕೋ ಎರಡಕ್ಕೋ, ಅದರ ಇಷ್ಟ ಬಂದ ಹೊತ್ತಿಗೆ, ಕರೆಂಟು ಹೋಗಿಬಿಡುತ್ತಿತ್ತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಕಿವಿಯೊಳಗೆ ಹತ್ತಿ ತುರುಕಿದ ಹಾಗಾಗುತ್ತಿತ್ತು. ಆಗ ನಾಲ್ಕು ಮಗ್ಗದ ಯಜಮಾನ ಪಿಳ್ಳಣ್ಣ, ಬಸ್‌ಸ್ಟ್ಯಾಂಡಿನ ಟೈಮ್‌ಕೀಪರ್ ಬೈರಣ್ಣ ಮತ್ತು ಆವಲಪ್ಪ, ಪಿಳ್ಳಣ್ಣನ ಮನೆ ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದರು. ಎಷ್ಟು ದಿನ ಅದನ್ನೇ ಆಡುವುದು? ಒಂದು ದಿನ ಆವಲಪ್ಪನೊಳಗಿನ ಕವಿ ಎದ್ದು ಕೂತ.

"ಹೊಸ ಆಟ ಹೇಳ್ಕೊಡ್ತೀನಿ," ಎಂದ. "ಕಾಯಿ ನಡೆಸೋದಲ್ಲ, ನಾವೇ ಕಾಯಿ. ಪಿಳ್ಳಣ್ಣ, ನೀನು ರಾಜ. ಬೈರಣ್ಣ ಸೇನಾಪತಿ. ಏನು ಮಾಡ್ತೀವಿ ಅಂತ ಬಾಯಲ್ಲಿ ಹೇಳೋದು, ಕವಡೆ ಹಾಕೋದು. ಜಾಸ್ತಿ ಬಿದ್ರೆ ಕೆಲಸ ಆಯ್ತು, ಕಮ್ಮಿ ಬಿದ್ರೆ ಕೆಟ್ಟೋಯ್ತು."

ರಾಜನಾಗಲು ಪಿಳ್ಳಣ್ಣನದು ಅಡ್ಡಿಯೇನೂ ಇರಲಿಲ್ಲ. ಆದರೆ ಹಗೆ ಇಲ್ಲದ ರಾಜ್ಯವೆಂದರೆ ನೂಲಿಲ್ಲದ ಮಗ್ಗ. ಹಗೆಗಾಗಿ ಒಬ್ಬ ಮಹಾ ಮಾಟಗಾತಿ ಬೇಕಾಯಿತು. ಮೀಸೆ ಇದ್ದ ಇಬ್ಬರೂ ಒಲ್ಲೆ ಎಂದದ್ದರಿಂದ, ಮೀಸೆ ಇದ್ದ ಮೂರನೆಯವನಾದ ಆವಲಪ್ಪನೇ ಮಾಟಗಾತಿಯಾದ. ಹೆಸರು ಕೆಂಡಗಣ್ಣಮ್ಮ.

ಹದಿನೈದು ದಿನದಲ್ಲಿ ಕೆಂಡಗಣ್ಣಮ್ಮ ಪಿಳ್ಳಣ್ಣನ ರಾಜ್ಯದ ಮುಕ್ಕಾಲು ಪಾಲು ನುಂಗಿದಳು. ಸೇನಾಪತಿ ಬೈರಣ್ಣನನ್ನು ಎರಡು ಸಲ ಮೇಕೆ ಮಾಡಿದಳು. ಮೂರನೇ ಸಲ ಬೈರಣ್ಣ ಕವಡೆ ಕೆಳಗಿಟ್ಟ.

"ಇದು ಮೋಸ ಕಣೋ. ಮೊನ್ನೆ ನೀರು ದಾಟೋಕಾಗಲ್ಲ ಅಂದೆ. ಇವತ್ತು ಕೆರೆ ಮೇಲೇ ನಡ್ಕೊಂಡು ಬಂದೆ. ಅವಳಿಗೆ ಏನು ಶಕ್ತಿ ಇದೆ, ಏನಿಲ್ಲ, ಬರವಣಿಗೆಯಲ್ಲಿ ಕೊಡು. ಬಾಯಿಮಾತು ನಡೆಯಲ್ಲ."

"ನನ್ನ ಹತ್ರ ಬರವಣಿಗೆ ಕೇಳ್ತೀಯಾ? ನಾಳೆ ತರ್ತೀನಿ. ಸಾಕ್ಷಿ ಹಾಕೋಕೆ ನೀವಿಬ್ಬರೂ ತಯಾರಾಗಿರಿ," ಎಂದ ಆವಲಪ್ಪ.

ಮಾರನೆಯ ದಿನ ಮಂಗಳವಾರ. ಬೆಳಿಗ್ಗೆ ಅವನ ಮುಂದೆ ಒಂದೇ ಒಂದು ಕೆಲಸವಿತ್ತು. ಅದೇ ಬೀದಿಯ ಸಂಜೀವಪ್ಪ ತನ್ನ ಖಾಲಿ ಬಿದ್ದಿದ್ದ ಮನೆಯನ್ನು ನೆಲಮಂಗಲದ ಕಡೆಯ ಆದಿಲಕ್ಷ್ಮಮ್ಮ ಎಂಬ ರಿಟೈರ್ಡ್ ನರ್ಸಮ್ಮನಿಗೆ ಮಾರುತ್ತಿದ್ದ. ಆಕೆ ಬುಧವಾರ ಸಾಮಾನು ಸಮೇತ ಬರುವುದು, ಗುರುವಾರ ರಿಜಿಸ್ಟ್ರಿ. ಆವಲಪ್ಪ ಆ ಕ್ರಯಪತ್ರವನ್ನು ಛಾಪಾ ಕಾಗದದ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆದು ಮಡಿಸಿಟ್ಟ. ಹತ್ತಿರದಲ್ಲೇ ಇನ್ನೊಂದು ಛಾಪಾ ಕಾಗದ ಬಿದ್ದಿತ್ತು. ಯಾರೋ ಅಣ್ಣತಮ್ಮಂದಿರು ಭಾಗವಾಗಲು ತಂದು, ನಡುವೆ ರಾಜಿಯಾಗಿ, ಬಿಟ್ಟುಹೋಗಿದ್ದು. ಕೆಂಡಗಣ್ಣಮ್ಮನ ಯೋಗ್ಯತೆಗೆ ಬಿಳಿ ಹಾಳೆ ಕಮ್ಮಿಯಾಯಿತೆನಿಸಿ, ಆವಲಪ್ಪ ಅದರ ಮೇಲೇ ಬರೆದ. ಬರೆಯುತ್ತ ಬರೆಯುತ್ತ ಕವಿತ್ವ ಉಕ್ಕಿತು. ಆದರೆ ಕವಿ ಎಷ್ಟೇ ಮೇಲೆ ಹಾರಿದರೂ ಕೈ ಮಾತ್ರ ಪತ್ರಬರಹಗಾರನದೇ. ಚಕ್ಕುಬಂದಿಯ ಜಾಗ ಬಂದಾಗ ಕೈ ತಾನಾಗಿ, ಬೆಳಿಗ್ಗೆ ಬರೆದ ಮನೆಯ ನಾಲ್ಕು ಎಲ್ಲೆಗಳನ್ನೇ ಮತ್ತೊಮ್ಮೆ ಬರೆದುಬಿಟ್ಟಿತು. ಇದು ಕವಿಯ ಗಮನಕ್ಕೆ ಬರಲಿಲ್ಲ.

ಮಧ್ಯಾಹ್ನ ಸಂಜೀವಪ್ಪ ಬಂದು, "ಸಹಿ ಹಾಕೋ ಮುಂಚೆ ಯಾರ ಹತ್ರಾನಾದ್ರೂ ಓದಿಸ್ತೀನಿ, ಕೊಡಿ ಆವಲಪ್ಪನೋರೇ," ಎಂದ. ಆವಲಪ್ಪ ಮಡಿಸಿದ ಎರಡು ಕಾಗದಗಳಲ್ಲಿ ಒಂದನ್ನು ಕೊಟ್ಟ.

ಯಾವುದನ್ನು ಕೊಟ್ಟ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೀವಪ್ಪ ನೇರವಾಗಿ ಮುನಿರಾಮಯ್ಯನ ಕಾಫಿ ಹೋಟೆಲಿಗೆ ಹೋದ. ಮುನಿರಾಮಯ್ಯ ದಿನಾ ಪೇಪರನ್ನು ಗಟ್ಟಿಯಾಗಿ ಓದಿ ಗಿರಾಕಿಗಳಿಗೆ ಲೋಕಜ್ಞಾನ ಹಂಚುವವನು. ಕನ್ನಡಕ ಏರಿಸಿಕೊಂಡು ಅದೇ ರಾಗದಲ್ಲಿ ಶುರುಮಾಡಿದ.

"ಕೆಂಡಗಣ್ಣಮ್ಮ ಉರುಫ್ ಕತ್ತಲಮ್ಮ ಉರುಫ್ ನೆತ್ತರಕ್ಕ, ಕೋಂ ಲೇಟ್ ಬೇತಾಳಪ್ಪ, ವಯಸ್ಸು ಸುಮಾರು ಮುನ್ನೂರ ಹನ್ನೆರಡು ವರ್ಷ, ಮಾಟಗಾರಿಕೆಯಿಂದ ಜೀವನ..." ಮುನಿರಾಮಯ್ಯ ನಿಲ್ಲಿಸಿ ಸಂಜೀವಪ್ಪನ ಮುಖ ನೋಡಿದ. "ಏನಪ್ಪಾ ಇದು? ನೀನು ಮನೆ ಯಾರಿಗೆ ಮಾರ್ತಾ ಇದ್ದೀಯ?"

ಸಂಜೀವಪ್ಪ ಬೆಂಚಿನ ತುದಿಗೆ ಸರಿದ. "ಮುಂದಕ್ಕೆ ಓದಿ."

"ಸದರಿ ನನಗೆ ಕೆಳಕಂಡ ಶಕ್ತಿಗಳು ಪಿತ್ರಾರ್ಜಿತವಾಗಿಯೂ ಸ್ವಯಾರ್ಜಿತವಾಗಿಯೂ ಇರುತ್ತವೆ. ಒಂದು, ಬಲಗೈ ಎತ್ತಿದ ಮಾತ್ರಕ್ಕೆ ಸೀಮೆಯ ದೀಪಗಳನ್ನೆಲ್ಲ ಆರಿಸುವುದು. ಎರಡು, ಎದುರು ನಿಂತವರನ್ನು ಮೇಕೆಯನ್ನಾಗಿ ಮಾಡುವುದು. ಮೇಕೆಯನ್ನು ಪುನಃ ಮನುಷ್ಯನನ್ನಾಗಿ ಮಾಡುವ ಜವಾಬ್ದಾರಿ ನನ್ನ ಮೇಲೆ ಇರುವುದಿಲ್ಲ."

"ಮೇಕೆ ವಿಷಯ ಇನ್ನೊಂದ್ಸಲ ಓದಿ ಸ್ವಾಮಿ," ಎಂದ ಮೂಲೆಯ ಗಿರಾಕಿಯೊಬ್ಬ.

ಇನ್ನೊಂದು ಸಲ ಓದಿದರೂ ಅದು ಹಾಗೇ ಇತ್ತು. ಮುನಿರಾಮಯ್ಯ ಚಕ್ಕುಬಂದಿಗೆ ಬಂದ. "ಸದರಿ ಶಕ್ತಿಗಳನ್ನು ಚಲಾಯಿಸುವ ಸ್ಥಳಕ್ಕೆ ಪೂರ್ವಕ್ಕೆ ಪಿಳ್ಳಣ್ಣನ ಮಗ್ಗದ ಮನೆ, ಪಶ್ಚಿಮಕ್ಕೆ ಪುರಸಭೆ ಚರಂಡಿ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ..." ಅವನ ದನಿ ಇಳಿಯಿತು. "ದಕ್ಷಿಣಕ್ಕೆ ಮುನಿರಾಮಯ್ಯನ ಹೋಟೆಲಿನ ಹಿಂಗೋಡೆ."

ಹೋಟೆಲಿನಲ್ಲಿದ್ದವರೆಲ್ಲ ಹಿಂಗೋಡೆಯ ಕಡೆ ತಿರುಗಿದರು. ಅಲ್ಲಿ ಒಂದು ಹಲ್ಲಿ ಲೊಚ್ಚೆಂದಿತು. ಅರ್ಧ ಕಾಫಿ ಬಿಟ್ಟು ಮೂರು ಜನ ಎದ್ದುಹೋದರು.

"ಆ ಯಮ್ಮನ್ನ ನೀನು ನೋಡಿದ್ದೀಯಾ?" ಎಂದ ಮುನಿರಾಮಯ್ಯ.

"ಒಂದ್ಸಲ. ಬಿಳಿ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಕರೀ ಚೀಲ. ನೋಡೋಕೆ ಅರವತ್ತರ ಹಂಗಿದ್ರು."

"ಮುನ್ನೂರು ದಾಟಿದೋಳು ಅರವತ್ತರ ಹಂಗೆ ಕಾಣ್ಬೇಕಾದ್ರೆ ಎಷ್ಟು ಜನದ ರಕ್ತ ಕುಡಿದಿರ್ಬೇಕು, ನೀನೇ ಲೆಕ್ಕ ಹಾಕು."

"ಹೆಸರು ಆದಿಲಕ್ಷ್ಮಮ್ಮ ಅಂದ್ರಲ್ಲ?"

"ಇಲ್ಲೇ ಎರಡು ಉರುಫ್ ಇದೆ. ಮೂರನೇದು ಅದಿರ್ಬೇಕು."

ಇತ್ತ ಆವಲಪ್ಪ ಜಗಲಿಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಕಾಗದ ಬಿಡಿಸಿದ. ಆದಿಲಕ್ಷ್ಮಮ್ಮ, ರಿಟೈರ್ಡ್ ಸರ್ಕಾರಿ ನರ್ಸ್ ಎಂದಿತ್ತು. ಪಂಚೆ ಎತ್ತಿ ಕಟ್ಟಿ ಸಂಜೀವಪ್ಪನ ಮನೆಗೆ ಓಡಿದ.

ಬಾಗಿಲು ಮುಚ್ಚಿತ್ತು. ಅಗುಳಿಗೆ ಆಗಲೇ ಬೇವಿನಸೊಪ್ಪು ಸಿಕ್ಕಿಸಿಯಾಗಿತ್ತು. ಕಿಟಕಿಯಲ್ಲಿ ಸಂಜೀವಪ್ಪನ ಹೆಂಡತಿ ನರಸಮ್ಮನ ಮುಖ ಮಾತ್ರ ಕಂಡಿತು.

"ನರಸಮ್ಮ, ಆ ಕಾಗದ ತಪ್ಪಿ ಬಂದಿದೆ. ಅದು ಆಟ ಕಣಮ್ಮ."

"ಅವಳಿಗೆ ಆಟ ಆವಲಪ್ಪಣ್ಣ, ನಮಗೆ ಪ್ರಾಣಸಂಕಟ."

"ಅಯ್ಯೋ, ಅಂಥೋಳು ಯಾರೂ ಇಲ್ಲ. ನಾನೇ ಬರೆದದ್ದು."

"ನೀವೇ ಬರೆದದ್ದಕ್ಕೇ ಭಯ. ನಮ್ಮ ಮಾವನ ಕಾಲದಿಂದ ನೋಡಿದ್ದೀನಿ, ನೀವು ಬರೆದಿದ್ದು ಒಂದಾದ್ರೂ ಸುಳ್ಳಾಗಿದ್ಯಾ? ನೀವೇ ಹೇಳಿ."

ಆವಲಪ್ಪ ಬಾಯಿ ತೆರೆದ. ಸುಳ್ಳಾಗಿದೆ ಎನ್ನಲು ಇಪ್ಪತ್ತೆಂಟು ವರ್ಷದ ಹೆಮ್ಮೆ ಬಿಡಲಿಲ್ಲ. "ಇಲ್ಲ," ಎಂದ ಸಣ್ಣಗೆ. ನರಸಮ್ಮ ಕಿಟಕಿ ಮುಚ್ಚಿದಳು.

ಪತ್ರದ ಕೊನೆಯಲ್ಲಿ ಸಾಕ್ಷಿಗಳಾಗಿ ಪಿಳ್ಳಣ್ಣ, ಬೈರಣ್ಣನ ಹೆಸರೂ ಇತ್ತಲ್ಲ, ಜನ ಅವರನ್ನು ಹಿಡಿದರು. "ನಂಗೇನೂ ಗೊತ್ತಿಲ್ಲಪ್ಪ, ನಾನು ಬರೀ ರಾಜ," ಎಂದ ಪಿಳ್ಳಣ್ಣ. "ನನ್ನ ಎರಡು ಸಲ ಮೇಕೆ ಮಾಡಿದ್ದು ನಿಜ," ಎಂದುಬಿಟ್ಟ ಬೈರಣ್ಣ. ಮಾತಿನ ಹಿಂದುಮುಂದು ಹೇಳುವುದರೊಳಗೆ ಕೇಳಿದವರು ಓಡಿಹೋಗಿದ್ದರು.

ಸಂಜೆ ಮನೆಯಲ್ಲಿ ರುಕ್ಮಿಣಮ್ಮ ಗಂಡನಿಗೆ ಮುದ್ದೆ ಹಾಕಿ, ಸಾರು ಹಾಕದೆ ನಿಂತಳು. "ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ್ದೀನಿ. ನನ್ನ ಮೇಲೆ ಒಂದು ಸಾಲು ಬರೀಲಿಲ್ಲ ನೀವು. ಅವಳಿಗೆ ಎರಡು ಪುಟ, ಅದೂ ಛಾಪಾ ಕಾಗದದಲ್ಲಿ."

ಬುಧವಾರ ಬೆಳಿಗ್ಗೆ ಹೆಡ್ ಕಾನ್‌ಸ್ಟೇಬಲ್ ರಾಮಾಂಜಿನಪ್ಪ ಸೈಕಲ್ಲಿನಲ್ಲಿ ಹೊಂಗೆಮರದ ಕೆಳಗೆ ಬಂದಿಳಿದ. ಕೈಯಲ್ಲಿ ಆ ಪತ್ರ.

"ಮುನ್ನೂರ ಹನ್ನೆರಡು ವರ್ಷ ಅಂತ ಯಾವ ದಾಖಲೆ ಮೇಲೆ ಬರೆದ್ರಿ?"

ವೃತ್ತಿಗೆ ಬಂದ ಆಕ್ಷೇಪಣೆ ಎಂದುಕೊಂಡ ಆವಲಪ್ಪನಿಗೆ ರೇಗಿತು. "ಸುಮಾರು ಅಂತ ಬರೆದಿದ್ದೀನಲ್ಲ ಸಾರ್."

"ಮುನ್ನೂರು ದಾಟಿದವರು ಆಸ್ತಿ ಕೊಳ್ಳಬಹುದಾ?"

"ಕೊಳ್ಳಬಾರದು ಅಂತ ಯಾವ ಕಾನೂನೂ ಇಲ್ಲ. ಆದ್ರೆ ಸಾರ್, ಇದು ಆಟಕ್ಕೆ ಬರೆದದ್ದು."

ರಾಮಾಂಜಿನಪ್ಪ ಕಾಗದವನ್ನು ಬಿಸಿಲಿಗೆ ಹಿಡಿದು ತೋರಿಸಿದ. "ಸರ್ಕಾರದ ಮೊಹರು ಇದೆ. ಮೊಹರಿನ ಮೇಲೆ ಯಾರಾದ್ರೂ ಆಟ ಆಡ್ತಾರೇನ್ರಿ? ಆ ಯಮ್ಮ ಬಂದ ಮೇಲೆ ಯಾರೂ ಊರು ಬಿಟ್ಟು ಹೋಗಬಾರದು. ಮುಖ್ಯವಾಗಿ ನೀವು." ಸೈಕಲ್ ಹತ್ತಿ, ಮತ್ತೆ ಇಳಿದು, ದನಿ ತಗ್ಗಿಸಿದ. "ಆ ಮೇಕೆ ವಿಷಯ. ಯೂನಿಫಾರಂನಲ್ಲಿ ಇರೋರಿಗೂ ಆಗುತ್ತಾ?"

ಆದಿಲಕ್ಷ್ಮಮ್ಮ ಬಂದಾಗ ಮಧ್ಯಾಹ್ನ ಒಂದೂವರೆ. ಜಟಕಾದಿಂದ ಇಳಿದ ಹೆಂಗಸು ಆರಡಿಗೆ ಸ್ವಲ್ಪವೇ ಕಮ್ಮಿ. ಬಿಳಿ ಸೀರೆ, ಸೋಡಾಬುಡ್ಡಿ ಕನ್ನಡಕ, ಕರೀ ಚೀಲ. ಉಪ್ಪಿನಕಾಯಿಗೆಂದು ತಂದಿದ್ದ ಒಂದು ಮಂಕರಿ ನಿಂಬೆಹಣ್ಣು ಜಟಕಾದಿಂದ ಮೊದಲು ಇಳಿಯಿತು. ನಿಂಬೆಹಣ್ಣು ಕಂಡದ್ದೇ ಬೀದಿ ಎರಡು ಮಾರು ಹಿಂದೆ ಸರಿಯಿತು.

ಅಂಥವರ ಪಾದ ಹಿಂದುಮುಂದಾಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಬೀದಿಯ ಇಕ್ಕೆಲದಲ್ಲಿ ನಿಂತ ಜನ ತಲೆ ತಗ್ಗಿಸಿ ಆಕೆಯ ಪಾದವನ್ನೇ ನೋಡುತ್ತಿದ್ದರು. ಆಕೆ ಬಿಳಿ ಕ್ಯಾನ್ವಾಸು ಶೂ ತೊಟ್ಟಿದ್ದರಿಂದ ಒಳಗೆ ಪಾದ ಯಾವ ಕಡೆಗಿದೆ ಎಂದು ಇತ್ಯರ್ಥವಾಗಲಿಲ್ಲ. ಆದಿಲಕ್ಷ್ಮಮ್ಮನಿಗೋ, ಈ ಊರಿನ ವಿನಯ ಕಂಡು ಮನಸ್ಸು ತುಂಬಿ ಬಂತು. ಇಷ್ಟು ಜನ ಪಾದ ನೋಡಿ ನಿಂತಿದ್ದಾರಲ್ಲ, ಒಂದು ಆಶೀರ್ವಾದವನ್ನಾದರೂ ಮಾಡೋಣ ಎಂದು ಬಲಗೈ ಎತ್ತಿದರು.

ಕರೆಂಟು ಹೋಯಿತು.

ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲ ಮಗ್ಗಗಳೂ ಒಂದೇ ಏಟಿಗೆ ನಿಂತವು. ಆ ಮೌನದಲ್ಲಿ ಯಾರದೋ ಚೊಂಬು ಕಲ್ಲಿನ ಮೇಲೆ ಉರುಳಿದ ಸದ್ದು ಮಾತ್ರ ಕೇಳಿಸಿತು. ಆಮೇಲೆ ಬಾಗಿಲುಗಳು ಮುಚ್ಚಿಕೊಂಡವು. ಜಟಕಾದವನು ಬಾಡಿಗೆ ಕೇಳದೆ ಕುದುರೆ ತಿರುಗಿಸಿದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಆದಿಲಕ್ಷ್ಮಮ್ಮ ನಿಧಾನವಾಗಿ ಇಳಿಸಿದರು.

ಹತ್ತು ನಿಮಿಷದಲ್ಲಿ ಪಿಳ್ಳಣ್ಣ ಹಿತ್ತಲ ಬಾಗಿಲಿನಿಂದ ಆವಲಪ್ಪನ ಮನೆಗೆ ನುಗ್ಗಿದ. ಮುಖ ಬೂದಿಯಾಗಿತ್ತು.

"ಲೋ ಆವಲಪ್ಪ, ಅದು ಆಟ ಅಂತ ನಂಗೂ ಗೊತ್ತು ಕಣೋ."

"ಮತ್ತೆ?"

"ಆದ್ರೂ ಒಂದು ತಿದ್ದುಪಡಿ ಪತ್ರ ಬರೆದುಬಿಡು. ದೀಪ ಆರಿಸೋ ಕಲಮನ್ನ ತೆಗೆದುಹಾಕು. ಬೇಕಾದ್ರೆ ಮೇಕೆ ಕಲಂ ಇಟ್ಕೋ, ಅದು ಬೈರಣ್ಣನ ಪಾಡು. ನಾಲ್ಕು ಮಗ್ಗ ಇದೆ ಕಣೋ ನಂದು."

ರಾಜನೇ ಹೀಗಾದ ಮೇಲೆ ಪ್ರಜೆಗಳ ಗತಿಯೇನು. ಆವಲಪ್ಪ ಹೊರಗೆ ಬಂದ. ಬೀದಿ ಬರಿದಾಗಿತ್ತು. ಬೀಗ ಹಾಕಿದ ಮನೆಯ ಮುಂದೆ ಪೆಟ್ಟಿಗೆ, ಹಾಸಿಗೆ, ನಿಂಬೆಹಣ್ಣಿನ ಮಂಕರಿಯ ನಡುವೆ ಆ ದೊಡ್ಡ ಹೆಂಗಸು ಒಬ್ಬಳೇ ಕೂತಿದ್ದಳು. ಬಿಸಿಲು ನೇರ ಮುಖದ ಮೇಲೆ ಬೀಳುತ್ತಿತ್ತು. ಪಕ್ಕದ ಮನೆ ಬಾಗಿಲು ತಟ್ಟಿ ನೀರು ಕೇಳಿದ್ದಕ್ಕೆ, ಒಳಗಿನಿಂದ ಯಾರೋ ದೇವರ ಪದ ಹೇಳಿದ್ದರಂತೆ. ಇದನ್ನು ನೋಡಿದಾಗ ಆವಲಪ್ಪನಿಗೆ ತಾನು ಮಾಡಿದ್ದೇನು ಎಂಬುದು ಮೊದಲ ಸಲ ಅರಿವಾಯಿತು. ಹತ್ತಿರ ಹೋಗಿ ಕೈಮುಗಿದು, ಕವಡೆಯಿಂದ ಶುರುಮಾಡಿ ಚಕ್ಕುಬಂದಿಯವರೆಗೆ ಎಲ್ಲವನ್ನೂ ಹೇಳಿದ.

ಆದಿಲಕ್ಷ್ಮಮ್ಮ ಪೂರ್ತಿ ಕೇಳಿದರು. ಸಿಟ್ಟಾಗಲಿಲ್ಲ.

"ನೆಲಮಂಗಲದ ಕಡೆ ನನಗೆ ಆಪರೇಷನ್ ಅಮ್ಮ ಅಂತ ಹೆಸರಿತ್ತಪ್ಪ. ಕುಟುಂಬ ಯೋಜನೆ ಜೀಪು ಕಂಡ್ರೆ ಗಂಡಸರು ರಾಗಿ ಹೊಲದೊಳಗೆ ಬಿದ್ದು ಅಡಗಿಕೊಳ್ಳೋರು. ಅದನ್ನೇ ಸಹಿಸಿಕೊಂಡೋಳು ನಾನು. ಆದ್ರೆ ಬೀಗದಕೈ ಬೇಕಲ್ಲ. ಹೋಗಿ ನಾಲ್ಕು ಜನದ ಮುಂದೆ ಹೇಳು, ನಾನು ಬರೆದಿದ್ದು ಸುಳ್ಳು ಅಂತ."

"ಸುಳ್ಳು ಅಂತಾನೇ ಹೇಳ್ಬೇಕಾ ಅಮ್ಮ? ಕೈತಪ್ಪು ಅಂದ್ರೆ ಸಾಲದಾ?"

ಆಕೆ ಕನ್ನಡಕದ ಮೇಲಿನಿಂದ ನೋಡಿದರು. ಆವಲಪ್ಪ ಎದ್ದು ಹೊರಟ.

ಮುನಿರಾಮಯ್ಯನ ಹೋಟೆಲಿನಲ್ಲಿ ಊರಿನ ಗಂಡಸರೆಲ್ಲ ಸೇರಿದ್ದರು. ಗುಂಪಿನಲ್ಲಿದ್ದರೆ ಮೇಕೆಯಾಗುವ ಸಂಭವ ಕಮ್ಮಿ ಎಂಬ ಲೆಕ್ಕ. ಸಂಜೀವಪ್ಪನೂ ಇದ್ದ, ರಾಮಾಂಜಿನಪ್ಪನೂ ಇದ್ದ. ಆವಲಪ್ಪ ಬೆಂಚಿನ ಮೇಲೆ ಹತ್ತಿ ನಿಂತು, ಕಣ್ಣು ಮುಚ್ಚಿಕೊಂಡು, ಜೀವಮಾನದಲ್ಲಿ ಆಡದ ಮಾತನ್ನು ಆಡಿದ.

"ನಾನು ಬರೆದಿದ್ದು ಸುಳ್ಳು."

ಜನ ಸಮಾಧಾನದ ಉಸಿರು ಬಿಡುತ್ತಾರೆ ಎಂದು ಅವನು ಎಣಿಸಿದ್ದ. ಆದರೆ ಅವರ ಮುಖಗಳು ಕೆಂಡಗಣ್ಣಮ್ಮನ ಹೆಸರು ಕೇಳಿದಾಗ ಇದ್ದುದಕ್ಕಿಂತ ಹೆಚ್ಚು ಬಿಳಿಚಿಕೊಂಡವು.

"ಸುಳ್ಳು ಅಂದ್ರೆ?" ಎಂದ ಮುನಿರಾಮಯ್ಯ. "ಈ ಹೋಟೆಲ್ ಪತ್ರಾನೂ ನೀವೇ ಅಲ್ವಾ ಬರೆದದ್ದು?"

"ನಮ್ಮಪ್ಪನ ವಿಲ್ಲು?" ಎಂದ ಇನ್ನೊಬ್ಬ.

"ಹಂಗಾದ್ರೆ ನಮ್ಮಣ್ಣನ ಭಾಗಕ್ಕೆ ಹೋದ ಬಾವಿ ನಂದೇ ಆಗಿರ್ಬಹುದು," ಎಂದ ಮತ್ತೊಬ್ಬ. ಪಕ್ಕದಲ್ಲೇ ಕೂತಿದ್ದ ಅವನ ಅಣ್ಣ ಎದ್ದು ನಿಂತ.

ಇಪ್ಪತ್ತೆಂಟು ವರ್ಷದಲ್ಲಿ ಆವಲಪ್ಪ ಬರೆಯದ ಮನೆ ಆ ಊರಲ್ಲಿರಲಿಲ್ಲ. ಅರ್ಧ ಗಂಟೆಯಲ್ಲಿ ಊರಿನ ಟ್ರಂಕುಗಳೆಲ್ಲ ತೆರೆದುಕೊಂಡವು. ಹಳದಿ ಬಟ್ಟೆಯ ಗಂಟು, ತಗಡಿನ ಡಬ್ಬಿ, ಹಳೇ ದಿಂಬಿನಚೀಲ ಹಿಡಿದುಕೊಂಡು ಜನ ಹೋಟೆಲಿಗೆ ಮುತ್ತಿದರು. ನನ್ನದು ನಿಜವೋ ಸುಳ್ಳೋ ಹೇಳಿ, ನನ್ನದು ಹೇಳಿ ಎಂದು ಕಾಗದಗಳನ್ನು ಆವಲಪ್ಪನ ಮೂಗಿಗೆ ಹಿಡಿದರು. ಮೂಲೆಯಲ್ಲಿ ಬಾವಿಯ ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿದುಕೊಂಡಿದ್ದರು. ಬಿಡಿಸಬೇಕಾದ ರಾಮಾಂಜಿನಪ್ಪ ಅಂಗಿಯೊಳಗಿನಿಂದ ತನ್ನ ಸ್ವಂತ ಸೈಟಿನ ಪತ್ರ ತೆಗೆದು ಸರದಿಯಲ್ಲಿ ನಿಂತಿದ್ದ. ಆವಲಪ್ಪ ಬೆಂಚಿನಿಂದ ಮೇಜಿಗೆ, ಮೇಜಿನಿಂದ ಬೋಂಡಾ ಇಡುವ ಕಪಾಟಿನ ನೆತ್ತಿಗೆ ಹತ್ತಿದ. ಅದಕ್ಕಿಂತ ಮೇಲೆ ಹತ್ತಲು ಏನೂ ಇರಲಿಲ್ಲ.

ಆಗ ಬಾಗಿಲಲ್ಲಿ ಬೆಳಕು ಮರೆಯಾಯಿತು. ಆದಿಲಕ್ಷ್ಮಮ್ಮ ನಿಂತಿದ್ದರು. ಮೂವತ್ತಾರು ವರ್ಷ ಹೆರಿಗೆ ವಾರ್ಡು ಆಳಿದ ದನಿಯಲ್ಲಿ ಹೇಳಿದರು:

"ಎಲ್ಲಾ ಮನೆಗೆ ಹೋಗಿ."

ಹೇಳುತ್ತ, ದಾರಿ ತೋರಿಸಲು, ಬಲಗೈ ಎತ್ತಿದರು.

ಅಷ್ಟು ಜನ ಅಷ್ಟು ಚಿಕ್ಕ ಬಾಗಿಲಿನಿಂದ ಹೇಗೆ ಹೋದರು ಎಂಬುದು ಇವತ್ತಿಗೂ ಆ ಊರಿನವರಿಗೆ ಬಗೆಹರಿದಿಲ್ಲ. ನೆಲದ ಮೇಲೆ ಚಪ್ಪಲಿಗಳು ಮಾತ್ರ ಉಳಿದವು. ರಾಮಾಂಜಿನಪ್ಪ ಹಿಂಬಾಗಿಲಿನಿಂದ, ಕಾನೂನಿನ ಪ್ರಕಾರ, ನಡೆದುಕೊಂಡೇ ಹೋದ. ಚರಂಡಿ ದಾಟಿದ ಮೇಲೆ ಓಡಿದ.

"ಬೀಗದಕೈ ಯಾರ ಹತ್ರ ಇದೆಯಪ್ಪಾ?" ಎಂದರು ಆದಿಲಕ್ಷ್ಮಮ್ಮ.

ಬೆಂಚಿನ ಕೆಳಗಿನಿಂದ ಸಂಜೀವಪ್ಪನ ಕೈ ಒಂದೇ ಹೊರಗೆ ಬಂತು. ಅದರಲ್ಲಿ ಬೀಗದಕೈ ಇತ್ತು.

ಅವರು ಬೀಗ ತೆಗೆಯುವ ಹೊತ್ತಿಗೆ ರುಕ್ಮಿಣಮ್ಮ ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಮುಚ್ಚಿದ ತಟ್ಟೆ ಹಿಡಿದು ಬಂದಳು. ಬೀದಿಯ ಕಿಟಕಿಗಳೆಲ್ಲ ಒಂದೊಂದು ಬೆರಳು ತೆರೆದು ನೋಡುತ್ತಿದ್ದವು. "ಅಕ್ಕ, ಆ ಪತ್ರ ಬರೆದೋರ ಹೆಂಡ್ತಿ ನಾನು. ಮೊದಲು ಉಣ್ಣಿ. ಬಸ್ಸಾರು ಮುದ್ದೆ," ಎಂದಳು. ಆದಿಲಕ್ಷ್ಮಮ್ಮ ಹೊಸ್ತಿಲ ಮೇಲೇ ಕೂತು, ಶೂ ಬಿಚ್ಚಿಟ್ಟು, ಕಾಲು ತೊಳೆದುಕೊಂಡರು. ಕಿಟಕಿಗಳು ಇನ್ನೊಂದು ಬೆರಳು ತೆರೆದವು. ಕಾಲ್ಬೆರಳು ಮುಂದಕ್ಕಿದ್ದವು, ಹಿಮ್ಮಡಿ ಹಿಂದಕ್ಕಿತ್ತು.

"ನಿನ್ನ ಗಂಡ ಎಲ್ಲಮ್ಮ?" ಎಂದರು ಮುದ್ದೆ ಮುರಿಯುತ್ತ.

"ಕಪಾಟಿನ ಮೇಲಿದ್ದಾರೆ. ಇಳಿಯೋಕೆ ಬರ್ತಿಲ್ಲವಂತೆ."

ಗುರುವಾರ ರಿಜಿಸ್ಟ್ರಿ ಆಯಿತು. ಆವಲಪ್ಪ ಪತ್ರವನ್ನು ಮೂರು ಸಲ ಗಟ್ಟಿಯಾಗಿ ಓದಿದ ಮೇಲೆಯೇ ಸಂಜೀವಪ್ಪ ಸಹಿ ಹಾಕಿದ. ನಾಲ್ಕೈದು ದಿನದಲ್ಲಿ ನರಸಮ್ಮನೇ ಹೋಗಿ, ತನ್ನ ಮೊಣಕಾಲು ನೋವಿಗೆ ಏನಾದರೂ ಹಚ್ಚಿಕೊಡಿ ಎಂದು ಆದಿಲಕ್ಷ್ಮಮ್ಮನ ಮುಂದೆ ಕೂತಳು. ಸಿಡುಬಿನ ಚುಚ್ಚುಮದ್ದಿಗೆ ಪುರಸಭೆಯವರು ಬಂದಾಗ, ಆ ಬೀದಿಯಲ್ಲಿ ಮಾತ್ರ ಒಬ್ಬರೂ ಅಡಗಿಕೊಳ್ಳಲು ಅಟ್ಟ ಹತ್ತಲಿಲ್ಲ. ಆದಿಲಕ್ಷ್ಮಮ್ಮ ಜಗಲಿಯ ಮೇಲೆ ನಿಂತಿದ್ದರು, ಅಷ್ಟೇ. ಆವಲಪ್ಪ ಕವಡೆಗಳನ್ನು ಪಿಳ್ಳಣ್ಣನಿಗೇ ಬಿಟ್ಟುಕೊಟ್ಟು, ಇನ್ನು ಮೇಲೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ ಎಂದು ರುಕ್ಮಿಣಮ್ಮನಿಗೆ ಮಾತು ಕೊಟ್ಟ.

ಆಮೇಲೊಂದು ಸೋಮವಾರ ಹೊಂಗೆಮರದ ಕೆಳಗೆ ಪೆಟ್ಟಿಗೆ ತೆರೆದು ಕೂತಾಗ, ಹತ್ತಿರದ ವಿಜಯಪುರದ ಕಡೆಯ ರೈತನೊಬ್ಬ ಬಂದು ಪಕ್ಕದಲ್ಲಿ ಕುಕ್ಕರಿಸಿದ. ಖಾಲಿ ಛಾಪಾ ಕಾಗದ ಮುಂದಿಟ್ಟ.

"ಏನು ಬರೀಬೇಕಪ್ಪ? ಕ್ರಯವಾ, ಭೋಗ್ಯವಾ?"

ರೈತ ಸುತ್ತ ನೋಡಿ, ಕಿವಿಯ ಹತ್ತಿರ ಬಂದ. "ನಮ್ಮ ದಾಯಾದಿ ಮನೆಗೆ ಒಬ್ಬಳು ಮಾಟಗಾತೀನ ಬರೆದುಕೊಡಿ ಸ್ವಾಮಿ. ಚಕ್ಕುಬಂದಿ ನಾನೇ ತಂದಿದ್ದೀನಿ."

ಆವಲಪ್ಪ ಲೇಖನಿ ಕೆಳಗಿಟ್ಟ. "ಅದೆಲ್ಲ ಸುಳ್ಳು ಕಣಯ್ಯ. ಊರಿಗೆಲ್ಲ ಹೇಳಿದ್ದೀನಲ್ಲ."

"ಗೊತ್ತು ಸ್ವಾಮಿ. ಸುಳ್ಳೇ ಇಷ್ಟು ಕೆಲಸ ಮಾಡುತ್ತೆ ಅಂದ್ರೆ, ಅದೇ ಸಾಕು ನಮಗೆ."

"ಆಗಲ್ಲ. ಎದ್ದು ಹೋಗು."

"ನಾನು ಎದ್ದರೆ ಏನು ಬಂತು," ಎಂದ ರೈತ, ಹಿಂದಕ್ಕೆ ತಲೆ ಆಡಿಸುತ್ತ. "ಇನ್ನೂ ಇದ್ದಾರೆ."

ಆವಲಪ್ಪ ಕತ್ತು ಚಾಚಿ ನೋಡಿದ. ಮರದ ಆ ಬದಿಯಲ್ಲಿ ಹನ್ನೊಂದು ಜನ ಸಾಲಾಗಿ ನಿಂತಿದ್ದರು, ಎಲ್ಲರ ಕೈಯಲ್ಲೂ ಛಾಪಾ ಕಾಗದ. ಕೊನೆಯವನು ಮುಖ ಕಾಣದ ಹಾಗೆ ಟವೆಲ್ ಸುತ್ತಿಕೊಂಡು, ಮಾಮೂಲಿ ಪಂಚೆ ಉಟ್ಟಿದ್ದ. ಪಂಚೆಯ ಕೆಳಗೆ ಪೊಲೀಸ್ ಬೂಟು ಮಿರಮಿರ ಹೊಳೆಯುತ್ತಿತ್ತು.